ಮಾಗಳಿ ಬೇರು: ಗುರುತು ಹಿಡಿಯೋದು, ಬುಡ ಉಳಿಸಿ ಅಗೆಯೋದು, ಬಳಸೋದು, ಬೆಳೆಸೋದು

ಬೆಟ್ಟದಂಚು (ಕೊರಟಗೆರೆ)

ಮಳೆಗಾಲ ಹಿಂದಾಗಿ ಸಂತೆಗೆ ಮಾಗಳಿ ಬೇರು ಬಂದ ಕೂಡಲೇ ಉಪ್ಪಿನಕಾಯಿ ಹಾಕೋ ಬಗೆ ಕೇಳುವವರು ಬಹಳ ಜನ. ಆ ಬಳ್ಳಿ ಎಲ್ಲಿಯದು, ಯಾರು ಅಗೆದು ತಂದರು, ಅಗೆದ ಮೇಲೆ ಅದು ಬದುಕಿತೋ ಸತ್ತಿತೋ ಎಂದು ಕೇಳುವವರು ಕಡಿಮೆ. ಇದರ ತಿಳಿವಳಿಕೆ ಹುಟ್ಟಿದ್ದು ಬೆಟ್ಟದ ಜನರಲ್ಲಿ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಮಾಗಡಿ-ರಾಮನಗರ-ಕನಕಪುರ ಕಡೆಯ ಇರುಳಿಗರು, ಗಡಿಯಾಚೆ ಚಿತ್ತೂರು ಕಡೆಯ ಯಾನಾದಿಗಳು. ನಮಗೆ ಅವರಿಂದ ರುಚಿ ಬಂತು, ಅಗೆಯುವ ಕಟ್ಟುಪಾಡು ಬರಲಿಲ್ಲ. ಅದಕ್ಕೇ ಈ ಚರ್ಚೆ. ಗೊತ್ತಿರುವವರು ಗುರುತಿನಿಂದ ಹಿಡಿದು ಸಸಿಯವರೆಗೆ ಅಳತೆ ಸಮೇತ ಬರೆಯಿರಿ. "ಮನೆಮದ್ದು, ಸರ್ವರೋಗಕ್ಕೂ ರಾಮಬಾಣ" ಅನ್ನೋ ಮಾತು ಬೇಡ.

ಕಲ್ಲುಗುಂಡು (ಹುಲಿಯೂರುದುರ್ಗ)

ಗುರುತಿನಿಂದಲೇ ಶುರು ಮಾಡುತ್ತೇನೆ, ತಪ್ಪಾಗುವುದು ಅಲ್ಲೇ.

ಸಸ್ಯಶಾಸ್ತ್ರದ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಎಕ್ಕದ ಬಳಗದ್ದು, ಆದ್ದರಿಂದ ಎಲೆ ಚಿವುಟಿದರೂ ಕಾಂಡ ಗೀರಿದರೂ ಹಾಲು ಬರುತ್ತದೆ. ಮಣ್ಣು ಕಡಿಮೆ ಇರುವ ಕಲ್ಲುಬೆಟ್ಟದ ಇಳಿಜಾರಿನಲ್ಲಿ, ಬಂಡೆ ಸಂದಿನಲ್ಲಿ ಬೇರು ಬಿಟ್ಟು ಪಕ್ಕದ ಗಿಡಕ್ಕೆ ಹಬ್ಬುವ ಬಳ್ಳಿ. ಎಲೆ ಎದುರುಬದುರು, ತುದಿ ಅಗಲ, ಬುಡ ಕಿರಿದು. ಹೂವು ಸಣ್ಣದು, ಹಳದಿ ಬೆರೆತ ಬಿಳಿ. ಕಾಯಿ ಜೋಡಿಜೋಡಿ. ಒಣಗಿ ಬಿರಿದರೆ ಎಕ್ಕದ ಕಾಯಿಯ ಹಾಗೆ ಒಳಗೆ ರೇಷ್ಮೆಯಂಥ ಅರಳೆ, ಅದರ ತುದಿಗೆ ಬೀಜ.

ಬೇರು ಬೆರಳು ಗಾತ್ರದಿಂದ ಹಿಡಿದು ಮೂಲಂಗಿ ಗಾತ್ರದವರೆಗೂ ಇರುತ್ತದೆ. ಮೇಲೆ ಕಂದು ಸಿಪ್ಪೆ, ಒಳಗೆ ಬೆಳ್ಳಗಿನ ತಿರುಳು, ನಡುವೆ ಒಂದು ಕಡ್ಡಿಯಂಥ ನಾರು. ತಾಜಾ ಬೇರು ಮುರಿದರೆ ಟಪ್ಪನೆ ಮುರಿಯುತ್ತದೆ, ಹಾಲು ಜಿನುಗುತ್ತದೆ, ಕೂಡಲೇ ಪರಿಮಳ ಹರಡುತ್ತದೆ. ತುಣುಕೊಂದನ್ನು ನಾಲಿಗೆ ಮೇಲಿಟ್ಟರೆ ಮೊದಲು ಸಿಹಿ ಅನ್ನಿಸಿ ಆಮೇಲೆ ನಾಲಿಗೆ ಜುಮ್ಮೆನ್ನುತ್ತದೆ.

ಆ ಪರಿಮಳಕ್ಕೆ ಕಾರಣ 2-ಹೈಡ್ರಾಕ್ಸಿ-4-ಮಿಥಾಕ್ಸಿ ಬೆಂಜಾಲ್ಡಿಹೈಡ್ ಅನ್ನುವ ವಸ್ತು, ವೆನಿಲಾದ ಪರಿಮಳ ಕೊಡುವ ವೆನಿಲಿನ್‌ನ ಒಡಹುಟ್ಟು ಅನ್ನಬಹುದು. ಬೇರಿನ ಸುಗಂಧ ತೈಲದ ಬಹುಪಾಲು ಇದೇ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇದರ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಇದು ಬಿಸಿಗೆ ಆವಿಯ ಜೊತೆ ಹಾರಿಹೋಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಅಡುಗೆಯ ಮಾತು ಬಂದಾಗ ಬೇಕಾಗುತ್ತದೆ.

ಗಡಿನಾಡು (ಪಾವಗಡ)

ಹೆಸರಿನ ಗೊಂದಲ ಬಿಡಿಸೋಣ ಕಲ್ಲುಗುಂಡು ಅಣ್ಣ. ಕನ್ನಡದಲ್ಲಿ ಮಾಗಳಿ, ಮಾಕಳಿ, ವಾಗಣಿ ಬೇರು ಎಲ್ಲಾ ಒಂದೇ. ನಮ್ಮ ಪಾವಗಡ, ಆಚೆ ಬಾಗೇಪಲ್ಲಿ, ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ಮಾರೇಡು ಗಡ್ಡಲು ಅಂದರೆ ಇದೇ. ತಮಿಳರ ಮಾಗಾಳಿ ಕಿಳಂಗು ಕೂಡ ಇದೇ.

ಸೊಗದೆ ಬೇರು ಮಾತ್ರ ಬೇರೆ. ಅದಕ್ಕೆ ನಾಮದ ಬೇರು, ಸುಗಂಧಿ ಬೇರು, ಅನಂತಮೂಲ ಅಂತಲೂ ಕರೆಯುತ್ತಾರೆ. ಪರಿಮಳ ಹತ್ತಿರಹತ್ತಿರ ಒಂದೇ, ಏಕೆಂದರೆ ಸುಗಂಧದ ವಸ್ತು ಒಂದೇ. ಆದರೆ ಸೊಗದೆ ಸಣ್ಣ ತಂತಿಯಂಥ ಬಳ್ಳಿ, ನೆಲದ ಮೇಲೆ ಹರಿದಾಡುತ್ತೆ, ಎಷ್ಟೋ ಎಲೆಗಳಲ್ಲಿ ನಡುನರದ ಗುಂಟ ಬಿಳಿ ಪಟ್ಟೆ. ಬೇರು ಪೆನ್ಸಿಲ್‌ಗಿಂತ ಸಣ್ಣ, ಗಟ್ಟಿ ಕಟ್ಟಿಗೆ, ಸಿಪ್ಪೆ ಅಡ್ಡಡ್ಡ ಬಿರಿದಿರುತ್ತೆ. ಉಪ್ಪಿನಕಾಯಿಗೆ ಅದು ಆಗಲ್ಲ, ಕಷಾಯಕ್ಕೆ, ಷರಬತ್ತಿಗೆ ಸರಿ. ಗ್ರಂದಿಗೆ ಅಂಗಡಿಯಲ್ಲಿ ಅನಂತಮೂಲ ಅಂತ ಕೇಳಿದರೆ ಒಣಗಿದ ಮಾಗಳಿ ತುಂಡು ಕೊಡೋದುಂಟು. ದಪ್ಪ, ತಿರುಳು ಜಾಸ್ತಿ ಇದ್ದರೆ ಅದು ಮಾಗಳಿ.

ಕಲ್ಲುಗುಂಡು (ಹುಲಿಯೂರುದುರ್ಗ)

ಪಾವಗಡದವರು ಹೇಳಿದ್ದು ಸರಿ. ಎರಡು ವಿಷದ ಬಳ್ಳಿಗಳ ಮಾತನ್ನೂ ಸೇರಿಸಲೇಬೇಕು.

ಒಂದು ರಬ್ಬರ್ ಬಳ್ಳಿ. ಒಣಭೂಮಿಯಲ್ಲಿ ಕಾಡಾಗಿ ಬೆಳೆದಿರುತ್ತದೆ. ಅದೂ ಮಾಗಳಿಯ ಬಳಗವೇ, ಅದಕ್ಕೂ ಹಾಲು, ಅದಕ್ಕೂ ಜೋಡಿ ಕಾಯಿ. ಆದರೆ ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಹೂವು ದೊಡ್ಡದು, ನಸುಗೆಂಪು-ನೇರಳೆ, ಆಲಿಕೆಯ ಆಕಾರ. ಅದರ ಹಾಲು ಹೃದಯದ ಮೇಲೆ ಕೆಲಸ ಮಾಡುವ ವಿಷ.

ಇನ್ನೊಂದು ಗೌರಿ ಹೂವು, ಅಗ್ನಿಶಿಖೆ. ಎಲೆಯ ತುದಿಯೇ ಸುರುಳಿ ಸುತ್ತಿಕೊಂಡು ಹಬ್ಬುತ್ತದೆ, ಹಾಲು ಇಲ್ಲ. ಗಡ್ಡೆ ನೇಗಿಲಿನ ಹಾಗೆ ಕವಲೊಡೆದಿರುತ್ತದೆ. ಅದರಲ್ಲಿ ಕಾಲ್ಚಿಸಿನ್ ಅನ್ನುವ ವಿಷ ಇದೆ, ಸ್ವಲ್ಪ ತಿಂದರೂ ಪ್ರಾಣಕ್ಕೆ ಅಪಾಯ.

ಕ್ರಮ ಹೀಗಿರಲಿ: ಮೊದಲು ಎಲೆ-ಹೂವು-ಕಾಯಿ ನೋಡಿ, ಆಮೇಲೆ ಬೇರು ಮುರಿದು ಮೂಸಿ. ಪರಿಮಳ ಇಲ್ಲದ ಬೇರನ್ನು ನಾಲಿಗೆಗೆ ಇಡಲೇಬೇಡಿ. ನಾಲಿಗೆ ಪರೀಕ್ಷೆ ಕೊನೆಯದು.

ಜಾಡಿ ಮುಚ್ಚಳ (ತುಮಕೂರು)

ನಾವು ಬೆಟ್ಟಕ್ಕೆ ಹೋಗಿ ಅಗೆಯೋರಲ್ಲ, ಸಂತೇಲಿ ಕೊಳ್ಳೋರು. ಕೊಳ್ಳುವಾಗ ಏನು ನೋಡ್ಬೇಕು?

ಹಾಡಿ ದಾರಿ (ಗುಬ್ಬಿ)

ಅಕ್ಕ, ನಿಮ್ಮ ಪ್ರಶ್ನೆಗೂ ಅಗೆಯೋ ವಿಷಯಕ್ಕೂ ಉತ್ತರ ಒಂದೇ ಕಡೆ ಇದೆ. ಕಂತೆಯಲ್ಲಿ ಬೇರಿನ ಮೇಲ್ತುದಿ ನೋಡಿ.

ಮಾಗಳಿಗೆ ಒಂದು ಬುಡ ಇರುತ್ತದೆ. ಕಾಂಡ ಮೇಲಕ್ಕೆ, ಬೇರುಗಳು ಕೆಳಕ್ಕೆ ಹೊರಡುವ ಗಂಟು ಅದು. ಅದು ಉಳಿದರೆ ಬಳ್ಳಿ ಮತ್ತೆ ಚಿಗುರುತ್ತದೆ, ಅದನ್ನೇ ಕಿತ್ತರೆ ಕಥೆ ಮುಗಿಯಿತು. ವ್ಯಾಪಾರಿ ಕೊಡುವುದು ಕೆ.ಜಿ. ಲೆಕ್ಕದ ದುಡ್ಡು. ಗಂಟಿಗೂ ತೂಕ ಇದೆ. ಅಗೆಯುವವನಿಗೆ ಆ ಕಾಲು ಕೆ.ಜಿ. ಗಂಟು ಬಿಟ್ಟು ಬಂದರೆ ನಷ್ಟ, ತಂದರೆ ಲಾಭ. ಬೆಟ್ಟ ಬರಿದಾಗುವುದು ಈ ಲೆಕ್ಕದಿಂದ. ಅಡುಗೆಗೆ ಆ ಗಂಟು ಉಪಯೋಗವೇ ಇಲ್ಲ, ಬರೀ ಕಟ್ಟಿಗೆ. ಆದ್ದರಿಂದ ಗಂಟು ಸಮೇತ ಇರುವ ಕಂತೆ ಕೊಳ್ಳಬೇಡಿ, ಯಾಕೆ ಬೇಡ ಅನ್ನುವುದನ್ನು ಮಾರುವವರಿಗೆ ಹೇಳಿ. ಎರಡೂ ತುದಿ ಕುಯ್ದಿರುವ, ಹೆಬ್ಬೆರಳಿಗಿಂತ ದಪ್ಪದ ಬೇರನ್ನೇ ಕೇಳಿ. ಕಡ್ಡಿಯಂಥ ಎಳೆಬೇರು ತಂದಿದ್ದಾರೆ ಅಂದರೆ ಬಳ್ಳಿಯಲ್ಲಿ ಏನೂ ಬಿಟ್ಟಿಲ್ಲ ಅಂತ ಅರ್ಥ.

ಅಗೆಯುವುದು ಹೇಗೆ:

ಕಾಯಿ ಬಿರಿದು ಬೀಜ ಹಾರಿದ ಬಳ್ಳಿಯನ್ನೇ ಆರಿಸಬೇಕು. ಕಾಂಡ ಕಿರುಬೆರಳಿಗಿಂತ ಸಣ್ಣ ಇದ್ದರೆ ಮುಟ್ಟುವ ಹಾಗಿಲ್ಲ, ಕೆಳಗೆ ಬೇರು ಕೂಡಿರುವುದಿಲ್ಲ. ಬುಡದ ಹತ್ತಿರ ಹಾರೆ ಹಾಕಬಾರದು. ಬುಡದಿಂದ ಒಂದು ಮೊಳ ದೂರ, ಇಳಿಜಾರಿನ ಕೆಳಗಡೆಯಿಂದ ಮಣ್ಣು ಬಿಡಿಸುತ್ತಾ ಬರಬೇಕು. ಕೆಳಗಿನಿಂದ ಬಂದರೆ ಬೇರು ಅಡ್ಡಕ್ಕೆ ಸಿಗುತ್ತದೆ, ಬುಡ ಅಲುಗುವುದಿಲ್ಲ. ಬೇರು ಕಂಡ ಮೇಲೆ ಹಾರೆ ಬದಿಗಿಟ್ಟು ಚೂಪು ಕೋಲು, ಕೈ ಅಷ್ಟೇ. ಐದು ಬೇರು ಇದ್ದರೆ ದಪ್ಪದ ಎರಡು ತೆಗೆದುಕೊಳ್ಳಿ. ಗಂಟಿನಿಂದ ಒಂದು ಗೇಣು ಬಿಟ್ಟು ಚೂಪು ಕತ್ತಿಯಿಂದ ಒಂದೇ ಏಟಿಗೆ ಕುಯ್ಯಬೇಕು. ಎಳೆದು ಹರಿದರೆ ಸಿಪ್ಪೆ ಗಂಟಿನವರೆಗೂ ಸೀಳಿಕೊಂಡು ಹೋಗಿ ಅಲ್ಲಿಂದ ಕೊಳೆ ಹತ್ತುತ್ತದೆ. ಹಾಲು ನಿಲ್ಲುವವರೆಗೆ ಐದು-ಹತ್ತು ನಿಮಿಷ ಗಾಳಿಗೆ ಬಿಟ್ಟು, ಅರಿಶಿನ ಕೊಂಬಿನ ಬಾಯಿಗೆ ಹಚ್ಚುವ ಹಾಗೆ ಒಣ ಬೂದಿ ಹಚ್ಚಿದರೆ ಒಳ್ಳೆಯದು. ಆಮೇಲೆ ತೆಗೆದ ಮಣ್ಣೇ ತುಂಬಿ, ತರಗು ಮುಚ್ಚಿ, ಮೇಲೆ ಕಲ್ಲು ಹೇರಬೇಕು. ಸಡಿಲ ಮಣ್ಣು ಕಂಡರೆ ಹಂದಿ, ಮುಳ್ಳುಹಂದಿ ಬಂದು ಉಳಿದದ್ದನ್ನೂ ಅಗೆಯುತ್ತವೆ. ಅದೇ ಬಳ್ಳಿಗೆ ಮತ್ತೆ ಎರಡು-ಮೂರು ವರ್ಷ ಕೈ ಹಾಕಬಾರದು.

ಬೇರು ಬಂಡೆ ಸಂದಿಗೆ ಹೊಕ್ಕಿದ್ದರೆ ಹೊರಗೆ ಸಿಕ್ಕಷ್ಟು ಕುಯ್ದು ಬಿಟ್ಟುಬಿಡಬೇಕು. ಬಂಡೆ ಎಬ್ಬಿಸಿದರೆ ಆ ಸಂದಿನಲ್ಲಿ ನಿಂತಿದ್ದ ಮಣ್ಣೂ ನೀರೂ ಹೋಗುತ್ತದೆ, ಮತ್ತೆ ಅಲ್ಲಿ ಯಾವ ಬೀಜವೂ ಹುಟ್ಟದು. ಕಾಡುಗೆಣಸು ಅಗೆದಾಗ ಬಳ್ಳಿಯ ತಲೆಯನ್ನು ಅದೇ ಗುಂಡಿಗೆ ಹುಗಿದು ಬರುವ ರೂಢಿ ಕಾಡುಜನರಲ್ಲಿ ಇದೆಯಲ್ಲ, ಮಾಗಳಿಗೂ ಅದೇ ಬುದ್ಧಿ ಬೇಕು.

ಬಯಲುಸೀಮೆ (ಶಿರಾ)

ಇಷ್ಟೆಲ್ಲಾ ಓದೋಕೆ ಚೆಂದ. ನಾನು ಗಂಟು ಬಿಟ್ಟು ಬಂದರೆ ನಾಳೆ ಇನ್ನೊಬ್ಬ ಬಂದು ಕಿತ್ತುಕೊಂಡು ಹೋಗುತ್ತಾನೆ. ಬೇಲಿ ಇಲ್ಲದ ಬೆಟ್ಟದಲ್ಲಿ ಕಟ್ಟುಪಾಡು ನಿಲ್ಲೋದು ಹೇಗೆ?

ಹಾಡಿ ದಾರಿ (ಗುಬ್ಬಿ)

ನಿಲ್ಲುವುದು ಹಕ್ಕು ಇದ್ದಾಗ. ಸೋಲಿಗರ ವಿಷಯವೇ ತೆಗೆದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿ, ಸೀಗೆ, ಅಂಟುವಾಳ, ಜೇನು, ಮಾಗಳಿ ಎಲ್ಲ ತಂದು ತಮ್ಮ ಲ್ಯಾಂಪ್ಸ್ ಅನ್ನುವ ಆದಿವಾಸಿ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಅಭಯಾರಣ್ಯದಿಂದ ಮಾರಾಟಕ್ಕೆ ಸಂಗ್ರಹಿಸುವುದು ನಿಂತಿತು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು, ಅದರಡಿ 2011ರಲ್ಲಿ ಅಲ್ಲಿನ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು.

ಆ ಕಾಯ್ದೆಯ ಕಿರು ಅರಣ್ಯ ಉತ್ಪನ್ನದ ವ್ಯಾಖ್ಯೆಯಲ್ಲಿ ಔಷಧಿ ಗಿಡ, ಬೇರು, ಗಡ್ಡೆ ಅಂತ ಹೆಸರು ಹಿಡಿದೇ ಬರೆದಿದೆ. ಪರಿಶಿಷ್ಟ ಪಂಗಡದ ಅರಣ್ಯವಾಸಿಗಳಿಗೆ, ಮೂರು ತಲೆಮಾರು ಅಂದರೆ 75 ವರ್ಷದಿಂದ ಕಾಡನ್ನು ನಂಬಿರುವ ಇತರ ಸಾಂಪ್ರದಾಯಿಕ ಅರಣ್ಯವಾಸಿಗಳಿಗೆ ಆ ಹಕ್ಕು. ಭಾನುವಾರ ಬೆಟ್ಟ ಹತ್ತುವ ಪೇಟೆಯವರಿಗೆ ಅದು ಇಲ್ಲ. ನಮ್ಮ ತುಮಕೂರು ಜಿಲ್ಲೆಯ ಮೀಸಲು ಅರಣ್ಯಗಳಲ್ಲಿ ಅನುಮತಿ ಇಲ್ಲದೆ ಯಾವ ಬೇರು ಕಿತ್ತರೂ ಅಪರಾಧ. ದೇವರಾಯನದುರ್ಗದಲ್ಲಂತೂ 1990ರ ದಶಕದಲ್ಲೇ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶ ಗುರುತಿಸಲಾಗಿದೆ, ಅರಣ್ಯ ಇಲಾಖೆ ಮತ್ತು ದೇಶೀ ವೈದ್ಯ ಪರಂಪರೆಗಾಗಿ ಕೆಲಸ ಮಾಡುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಸೇರಿ ರಾಜ್ಯದಲ್ಲಿ ಮಾಡಿದ 13ರಲ್ಲಿ ಅದೊಂದು. ಅಲ್ಲಿರುವುದು ಬೀಜದ ಮೂಲ, ಕೈ ಹಾಕಬಾರದು.

ಬಯಲುಸೀಮೆಯವರೇ, ನಾಳೆಯೂ ಇದೇ ಬಳ್ಳಿ ನನ್ನದು ಅನ್ನುವ ಭರವಸೆ ಇರುವವನು ಗಂಟು ಬಿಟ್ಟು ಬರುತ್ತಾನೆ. ಆ ಭರವಸೆ ಕಿತ್ತುಕೊಂಡ ಕಡೆಯೆಲ್ಲ ಗಂಟೂ ಹೋಗಿದೆ.

ಬಯಲುಸೀಮೆ (ಶಿರಾ)

ಒಪ್ಪಿದೆ. ಇನ್ನೊಂದು ಅನುಮಾನ. ಸೋಲಿಗರು ಕಾಡಿಗೆ ಬೆಂಕಿ ಇಡುತ್ತಿದ್ದರು, ಅದರಿಂದ ಬಳ್ಳಿ ಚೆನ್ನಾಗಿ ಚಿಗುರುತ್ತಿತ್ತು ಅನ್ನುತ್ತಾರೆ. ನಮ್ಮ ಬೆಟ್ಟಗಳಿಗೂ ಬೇಸಿಗೆಯಲ್ಲಿ ಬೆಂಕಿ ಬೀಳುತ್ತಲ್ಲ?

ಹಾಡಿ ದಾರಿ (ಗುಬ್ಬಿ)

ಎರಡೂ ಒಂದಲ್ಲ. ಅವರದು ತರಗು ಬೆಂಕಿ. ಚಳಿ ಇನ್ನೂ ಇರುವಾಗ, ಹುಲ್ಲಿನಲ್ಲಿ ಅರೆಹಸಿ ಇರುವಾಗಲೇ ಬಿದ್ದ ತರಗನ್ನಷ್ಟೇ ಸುಡುವುದು. ಜ್ವಾಲೆ ಮೊಣಕಾಲೆತ್ತರ, ತಾನಾಗಿ ಆರುತ್ತದೆ. ಅದು ನಿಂತ ಮೇಲೆ ಲಾಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಅನ್ನುವ, ಮರದ ರಸ ಹೀರುವ ಬದನಿಕೆ ಹೆಚ್ಚಿತು ಅನ್ನುವುದು ಸೋಲಿಗರ ವಾದ, ವಿಜ್ಞಾನಿಗಳೂ ಅದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ನಮ್ಮ ಬೆಟ್ಟಗಳಿಗೆ ಬೀಳುವುದು ಬಿರುಬೇಸಿಗೆಯ ಬೆಂಕಿ. ಬಾದೆಹುಲ್ಲು ಸೊಪ್ಪೆಯಾದ ಮೇಲೆ ಬೀಡಿ ತುಂಡಿಗೋ ಕಿಡಿಗೇಡಿತನಕ್ಕೋ ಹತ್ತಿಕೊಂಡು ಬಂಡೆಯೇ ಕಾಯುವಷ್ಟು ಉರಿಯುತ್ತದೆ. ಬಂಡೆ ಸಂದಿನ ತೆಳುಮಣ್ಣಿನಲ್ಲಿರುವ ಮಾಗಳಿಯ ಬುಡ ಅದರಲ್ಲಿ ಬೇಯುತ್ತದೆ. ದಯವಿಟ್ಟು ಇದಕ್ಕೂ ಅದಕ್ಕೂ ಹೋಲಿಕೆ ಕೊಡಬೇಡಿ.

ಜಾಡಿ ಮುಚ್ಚಳ (ತುಮಕೂರು)

ಉಪ್ಪಿನಕಾಯಿಯ ಅಳತೆ ನನ್ನ ಪಾಲು.

1 ಕೆ.ಜಿ. ಬೇರು ತಂದರೆ ಸಿಪ್ಪೆ, ನಾರು ಕಳೆದು ಸುಮಾರು 600 ಗ್ರಾಂ ತಿರುಳು ಉಳಿಯುತ್ತೆ. ಮೊದಲು ಎರಡು-ಮೂರು ಗಂಟೆ ನೀರಲ್ಲಿ ನೆನೆಹಾಕಿ, ಸಂದಿನ ಮಣ್ಣು ಬಿಡುತ್ತೆ. ತೆಂಗಿನ ನಾರಿಂದ ಉಜ್ಜಿ ತೊಳೀರಿ, ಆಮೇಲೆ ಸಿಪ್ಪೆ ಕೆರೀರಿ. ಉದ್ದಕ್ಕೆ ಸೀಳಿ ನಡುವಿನ ಕಡ್ಡಿ ಎಳೆದು ಬಿಸಾಕಿ. ಅದು ಉಳಿದರೆ ಎಷ್ಟು ದಿನ ಊರಿದರೂ ಮೆತ್ತಗಾಗಲ್ಲ. ತಿರುಳನ್ನ ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ, ಹೆಚ್ಚಿದ ಹಾಗೇ ನಿಂಬೆರಸದ ಬಟ್ಟಲಿಗೆ ಹಾಕ್ತಾ ಹೋಗಿ. ಗಾಳಿಗೆ ಬಿಟ್ಟರೆ ಐದೇ ನಿಮಿಷಕ್ಕೆ ಕೆಂಪಗಾಗುತ್ತೆ, ಕಬ್ಬಿಣದ ಈಳಿಗೆಮಣೇಲಿ ಹೆಚ್ಚಿದರೆ ಕಪ್ಪಗಾಗುತ್ತೆ. ಸ್ಟೀಲ್ ಚಾಕು ಬಳಸಿ.

600 ಗ್ರಾಂ ತಿರುಳಿಗೆ ನಿಂಬೆರಸ 250 ಮಿ.ಲೀ. (ರಸಭರಿತ ಹಣ್ಣಾದರೆ 10-12), ಕಲ್ಲುಪ್ಪು ಹುರಿದು ಪುಡಿ ಮಾಡಿದ್ದು 120 ಗ್ರಾಂ, ಬ್ಯಾಡಗಿ-ಗುಂಟೂರು ಬೆರೆಸಿದ ಖಾರದಪುಡಿ 60 ಗ್ರಾಂ, ಹಸಿ ಸಾಸಿವೆ ಪುಡಿ 40 ಗ್ರಾಂ, ಅರಿಶಿನ ಒಂದು ಚಮಚ. ಎಲ್ಲಾ ಒಟ್ಟಿಗೆ ಹಾಕಬೇಡಿ. ಮೊದಲು ನಿಂಬೆರಸ, ಉಪ್ಪು, ಅರಿಶಿನದಲ್ಲಿ ಮೂರು ದಿನ ಊರಲಿ, ದಿನಾ ಒಂದ್ಸಲ ಜಾಡಿ ಕುಲುಕಿ. ನಾಲ್ಕನೇ ದಿನ ಖಾರ, ಸಾಸಿವೆ. ಹದಿನೈದು ದಿನಕ್ಕೆ ಹದಕ್ಕೆ ಬರುತ್ತೆ, ಹೊಸದರಲ್ಲಿ ಇರೋ ಮೂಗಿಗೆ ಹೊಡೆಯೋ ಘಾಟು ಅಷ್ಟರಲ್ಲಿ ಇಳಿದಿರುತ್ತೆ.

ಮೆಂತ್ಯ ಬೇಡ, ಇಂಗು ಬೇಡ. ಎರಡೂ ಮಾಗಳಿಯ ಪರಿಮಳ ನುಂಗ್ತವೆ. ಬಿಸಿ ಒಗ್ಗರಣೆಯಂತೂ ಬೇಡವೇ ಬೇಡ. ಪರಿಮಳಕ್ಕೇ ಅಲ್ವಾ ಈ ಬೇರು ತರೋದು?

ಕೆಡೋದು ಯಾಕೆ ಅಂದರೆ: ತುಂಡು ರಸದಿಂದ ಮೇಲೆ ತೇಲಿದ್ದರೆ ಬಿಳಿ ಬೂಷ್ಟು. ಅಗಲ ಬಾಯಿಯ ಡಬ್ಬಿ ಬಿಟ್ಟು ಕಿರಿಬಾಯಿ ಜಾಡಿಗೆ ಒತ್ತಿ ತುಂಬಿ, ರಸ ಒಂದು ಬೆರಳು ಮೇಲಿರಲಿ. ಕಮ್ಮಿ ಬಿದ್ದರೆ ನಿಂಬೆರಸ ಸೇರಿಸಿ, ತಣ್ಣೀರು ಬೇಡ. ಲೋಳೆ ಬಂತು ಅಂದರೆ ಉಪ್ಪು ಕಮ್ಮಿ ಆಗಿದೆ ಅಥವಾ ಒದ್ದೆ ಚಮಚ ಬಿದ್ದಿದೆ. ಲೋಳೆ ಬಂದದ್ದನ್ನ ಉಳಿಸೋಕೆ ನೋಡಬೇಡಿ, ಚೆಲ್ಲಿ.

ತಮಿಳರ ಹಾಗೆ ಹುಳಿಮೊಸರಲ್ಲಿ ಹಾಕೋದೂ ಚೆಂದ, ಆದರೆ ಅದನ್ನ ಫ್ರಿಜ್‌ನಲ್ಲೇ ಇಟ್ಟು ಬೇಗ ಮುಗಿಸಬೇಕು.

ಗಡಿನಾಡು (ಪಾವಗಡ)

ಷರಬತ್ತು ನಾನು ಹೇಳ್ತೀನಿ ಅಕ್ಕ. ಎಲ್ಲರೂ ಮಾಡೋ ತಪ್ಪು, ಬೇರನ್ನ ಸಕ್ಕರೆ ಜೊತೆ ಗಂಟೆಗಟ್ಟಲೆ ಕುದಿಸೋದು. ಮನೆಯೆಲ್ಲಾ ಘಮಘಮ ಅನ್ನುತ್ತೆ, ಬಾಟ್ಲಲ್ಲಿ ಏನೂ ಉಳಿಯಲ್ಲ. ಆ ಘಮ ಬಂದದ್ದೇ ನಿಮ್ಮ ಷರಬತ್ತಿಂದ.

ತಾಜಾ ಬೇರು 100 ಗ್ರಾಂ ಅಥವಾ ಒಣಗಿದ್ದು 40 ಗ್ರಾಂ ಜಜ್ಜಿ. 400 ಮಿ.ಲೀ. ನೀರು ಕುದಿಸಿ ಒಲೆಯಿಂದ ಇಳಿಸಿ, ಅದರಲ್ಲಿ ಬೇರು ಹಾಕಿ ಬಿಗಿಯಾಗಿ ಮುಚ್ಚಿ, ರಾತ್ರಿಯೆಲ್ಲಾ ಬಿಡಿ. ಬೆಳಿಗ್ಗೆ ಬಟ್ಟೇಲಿ ಹಿಂಡಿದರೆ 300 ಮಿ.ಲೀ. ಸಿಗುತ್ತೆ. ಬೇರೆ ಪಾತ್ರೆಯಲ್ಲಿ 700 ಮಿ.ಲೀ. ನೀರಿಗೆ 2 ಕೆ.ಜಿ. ಸಕ್ಕರೆ, ನಾಲ್ಕು ನಿಂಬೆಹಣ್ಣಿನ ರಸ ಹಾಕಿ ಕುದಿಸಿ. ಹುಳಿ ಇದ್ದರೆ ಪಾಕ ಹರಳುಗಟ್ಟಲ್ಲ. ಪಾಕ ಉಗುರುಬೆಚ್ಚಗಾದ ಮೇಲೆ ಬೇರಿನ ರಸ ಬೆರೆಸಿ. ಒಂದು ಪಾಲಿಗೆ ಐದಾರು ಪಾಲು ತಣ್ಣೀರು, ಕುಡಿಯೋವಾಗ ಇನ್ನೊಂದಿಷ್ಟು ನಿಂಬೆ.

ಸಕ್ಕರೆ ಜಾಸ್ತಿ ಆಯ್ತು ಅಂತ ಅರ್ಧಕ್ಕೆ ಇಳಿಸಿದರೆ ವಾರಕ್ಕೇ ಹುಳಿ ಬಂದು ನೊರೆ ಏಳುತ್ತೆ. ಇಳಿಸಲೇಬೇಕು ಅಂದರೆ ಫ್ರಿಜ್‌ನಲ್ಲಿಡಿ.

ಒಣಗಿಸೋದು ನೆರಳಲ್ಲಿ. ಸಿಪ್ಪೆ ಕೆರೆಯದೆ ತೊಳೆದು, ಬಿಲ್ಲೆ ಮಾಡಿ, ಗಾಳಿ ಆಡೋ ಕಡೆ ಹರಡಿ. ಬಿಲ್ಲೆ ಬಾಗದೆ ಮುರಿದರೆ ಒಣಗಿದೆ ಅಂತ. ಗಾಜಿನ ಶೀಶೆಗೆ ತುಂಬಿ. ಪ್ಲಾಸ್ಟಿಕ್ ಕವರಲ್ಲಿಟ್ಟರೆ ಪರಿಮಳ ನಿಲ್ಲಲ್ಲ.

ಹೊಸ ಹೆಜ್ಜೆ (ಚಿಂತಾಮಣಿ)

ಮೇಡಂ, ಸರ್, ಇದು ಶುಗರ್‌ಗೆ ಒಳ್ಳೆಯದಂತೆ, ದಿನಕ್ಕೆ ಎಷ್ಟು ಕಷಾಯ ಕುಡಿಯಬಹುದು? ಬಿಪಿ ಮಾತ್ರೆಯೂ ನಡೀತಿರೋರಿಗೆ ಆಗುತ್ತಾ?

ಎಲೆಯಡಿಕೆ (ಮಧುಗಿರಿ)

ಇದಕ್ಕೆ ಸ್ಪಷ್ಟವಾಗಿ ಹೇಳಬೇಕು. ಮಾಗಳಿಯನ್ನು ಬೆಟ್ಟದ ಜನ ಬಳಸಿಕೊಂಡು ಬಂದದ್ದು ಹಸಿವು ಹುಟ್ಟಿಸಲು, ಅಜೀರ್ಣಕ್ಕೆ, ಮೈಯ ಉಷ್ಣ ಇಳಿಸಲು. ಊಟದ ಜೊತೆ ಒಂದೆರಡು ಹೋಳು, ಬಿಸಿಲಲ್ಲಿ ಒಂದು ಲೋಟ ಪಾನಕ, ಅಷ್ಟು ಪ್ರಮಾಣದಲ್ಲಿ. ಇಲಿಗಳ ಮೇಲೆ, ಗಾಜಿನ ನಳಿಕೆಯಲ್ಲಿ ಮಾಡಿದ ಪ್ರಯೋಗಗಳು ಬಹಳ ಇವೆ. ಅವುಗಳಿಂದ ಮನುಷ್ಯರಿಗೆ ದಿನಕ್ಕೆ ಇಷ್ಟು ಅಂತ ಲೆಕ್ಕ ಹಾಕಲು ಬರುವುದಿಲ್ಲ. ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿ, ಬಿಪಿಯವರಿಗೆ ಬೇಡ. ಷರಬತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ, ಶುಗರ್‌ನವರಿಗೆ ಬೇಡ. ಬಸುರಿಯರಿಗೆ, ಎಳೆ ಮಕ್ಕಳಿಗೆ ಕಷಾಯ ಕೊಡಬೇಡಿ.

ನೀವು ಕೇಳಿರುವುದು ಬಹುಶಃ ಮಧುನಾಶಿನಿ ಇರಬೇಕು. ಅದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ತಿಂದ ಹಾಗೆ, ಸಿಹಿಯೇ ಗೊತ್ತಾಗುವುದಿಲ್ಲ. ನಾಲಿಗೆಯ ಸಿಹಿ ಸತ್ತಿತು ಅಂದರೆ ರಕ್ತದ ಸಕ್ಕರೆ ಇಳಿಯಿತು ಅಂತಲ್ಲ. ಮಾತ್ರೆಯ ಜೊತೆ ಅದನ್ನೂ ದಿನಾ ತೆಗೆದುಕೊಂಡರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ನೋಡುತ್ತಿರುವ ವೈದ್ಯರಿಗೆ ಹೇಳದೆ ಶುರು ಮಾಡಬೇಡಿ, ಇರುವ ಮಾತ್ರೆ ಬಿಡಬೇಡಿ.

ಅಮೃತಬಳ್ಳಿಯ ಪ್ರಶ್ನೆ ಮುಂದೆ ಬಂದೇ ಬರುತ್ತದೆ, ಈಗಲೇ ಸೇರಿಸುತ್ತೇನೆ. ಕೊರೊನಾ ಕಾಲದಲ್ಲಿ ಅದನ್ನು ತಿಂಗಳುಗಟ್ಟಲೆ ಕುಡಿದವರಲ್ಲಿ ಯಕೃತ್ತಿನ ತೊಂದರೆ ಕಂಡಿದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಅದೇ ಜಾತಿಯ ಇನ್ನೊಂದು ಬಳ್ಳಿಯನ್ನು ತಪ್ಪಾಗಿ ಬಳಸಬೇಡಿ ಅಂತ ಆಯುಷ್ ಸಚಿವಾಲಯ ಗುರುತು ಕೊಟ್ಟಿದೆ: ಸರಿಯಾದ ಅಮೃತಬಳ್ಳಿಯ ಕಾಂಡ ಹಸಿರು, ಗುಳ್ಳೆ ಇಲ್ಲ, ಹಾಲು ಇಲ್ಲ. ಬೂದುಬಣ್ಣದ ಕಾಂಡದ ಮೇಲೆ ಗುಳ್ಳೆಗುಳ್ಳೆ ಇದ್ದು ಹಾಲು ಬಂದರೆ ಅದು ಬೇರೆ ಬಳ್ಳಿ. ಈಗ ಮತ್ತೆ ಮಾಗಳಿಗೆ ಬನ್ನಿ.

ಹೊಸ ಹೆಜ್ಜೆ (ಚಿಂತಾಮಣಿ)

ಧನ್ಯವಾದ ಸರ್, ತಿಳೀತು. ಕಷಾಯದ ಯೋಚನೆ ಬಿಟ್ಟೆ.

ಸಸಿಮಡಿ (ತಿಪಟೂರು)

ಬೆಟ್ಟದ ಮೇಲಿನ ಭಾರ ಇಳಿಯಬೇಕು ಅಂದರೆ ಹೊಲದಂಚಿನಲ್ಲಿ ಬೆಳೆಯಬೇಕು. ಆಗದ್ದೇನಲ್ಲ, ತಾಳ್ಮೆ ಬೇಕು.

ಬೀಜವೇ ಮೊದಲ ತೊಡಕು. ಕಾಯಿ ಒಡೆದ ಗಳಿಗೆಗೆ ಅರಳೆ ಹಾರಿಹೋಗುತ್ತದೆ. ಕಾಯಿ ಹಸಿರು ಬಿಟ್ಟು ಹಳದಿ-ಕಂದಿಗೆ ತಿರುಗಿದಾಗ ತೆಳು ಹತ್ತಿಬಟ್ಟೆಯ ಚೀಲ ಕಟ್ಟಿ, ಬಿರಿದದ್ದು ಚೀಲದೊಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ಬೆವೆತು ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಅರಳೆ ಬಿಡಿಸಿ, ನೆರಳಲ್ಲಿ ಎರಡು ದಿನ ಆರಿಸಿ, ತಡಮಾಡದೆ ಬಿತ್ತಿ. ಹಳೆಯ ಬೀಜ ನೆಚ್ಚಿಕೊಳ್ಳುವಂತಿಲ್ಲ.

ರಾತ್ರಿ ನೆನೆಸಿ, ಮರಳು, ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿದ ಚೀಲಕ್ಕೆ ಅರ್ಧ ಅಂಗುಲಕ್ಕಿಂತ ಕಡಿಮೆ ಆಳದಲ್ಲಿ ಎರಡೆರಡು ಬೀಜ. ಅರೆನೆರಳು. ಮೊಳಕೆ ಎರಡು-ಮೂರು ವಾರಕ್ಕೆ ಕಾಣುತ್ತದೆ, ಒಟ್ಟಿಗೆ ಬರುವುದಿಲ್ಲ, ಹಿಂದೆಮುಂದೆ. ದಿನಾ ನೀರು ಸುರಿದರೆ ಸಸಿಯ ಕತ್ತು ಕೊಳೆತು ಬೀಳುತ್ತದೆ. ಮೇಲ್ಮಣ್ಣು ಒಣಗಿದ ಮೇಲೆ ಹನಿಸಿ. ಕಡ್ಡಿ ನೆಡುವವರಿಗೆ ಒಂದು ಮಾತು: ಬರೀ ಕಡ್ಡಿ ಊರಿದರೆ ಬೇರು ಬರುವುದು ಬಲು ಅಪರೂಪ. ಅದಕ್ಕೇ ಸಿಎಫ್‌ಟಿಆರ್‌ಐನವರು ಪ್ರಯೋಗಾಲಯದಲ್ಲಿ ಗಿಡದ ಚೂರಿನಿಂದ ಸಸಿ ಎಬ್ಬಿಸುವ ಅಂಗಾಂಶ ಕೃಷಿಯ ದಾರಿ ಹುಡುಕಿದ್ದು.

ಚೀಲದಲ್ಲಿ ವರ್ಷಕ್ಕಿಂತ ಹೆಚ್ಚು ಇಡಬೇಡಿ, ಬೇರು ಸುತ್ತಿಕೊಂಡು ಗಂಟಾಗುತ್ತದೆ. ಮುಂಗಾರು ಕೂತ ಮೇಲೆ ಒಂದೂವರೆ ಅಡಿ ಗುಂಡಿ, ಗಿಡದಿಂದ ಗಿಡಕ್ಕೆ 2 ಮೀಟರ್. ಗೊಚ್ಚುಮಣ್ಣು, ಇಳಿಜಾರು ಸರಿ. ಎರೆಮಣ್ಣು, ನೀರು ನಿಲ್ಲುವ ಜಾಗ ಬೇಡ, ಮೊದಲ ಜಡಿಮಳೆಗೇ ಬೇರು ಕೊಳೆಯುತ್ತದೆ. ಹಬ್ಬಲು ಗ್ಲಿರಿಸಿಡಿಯಾ ಬೇಲಿ ಸಾಕು.

ಜಾಗ ಕಡಿಮೆ ಇರುವವರು ಹಳೆಯ ಸಿಮೆಂಟ್ ಚೀಲಕ್ಕೆ ಮೂರು ಪಾಲು ಮರಳು, ಒಂದು ಪಾಲು ಗೊಬ್ಬರ ತುಂಬಿ, ತಳಕ್ಕೆ ಎಂಟು-ಹತ್ತು ತೂತು ಮಾಡಿ ನೆಡಬಹುದು. ಬೇರು ನೆಟ್ಟಗೆ ಇಳಿಯುತ್ತದೆ. ಎರಡೂವರೆ-ಮೂರು ವರ್ಷಕ್ಕೆ ಚೀಲದ ಒಂದು ಬದಿ ಸೀಳಿ, ದಪ್ಪ ಬೇರು ಎರಡು ಕುಯ್ದು, ಮತ್ತೆ ಹೊಲಿದು ಮರಳು ತುಂಬಿದರೆ ಬುಡಕ್ಕೆ ಏನೂ ಆಗದು. ಹೆಗ್ಗಣದ ಕಾಟ ಇದ್ದರೆ ಚೀಲವನ್ನು ಕಲ್ಲುಚಪ್ಪಡಿಯ ಮೇಲಿಡಿ.

ಬೆಟ್ಟದಂಚು (ಕೊರಟಗೆರೆ)

ಬಹಳ ಉಪಕಾರ ಆಯಿತು. ಒಂದು ವಿಷಯ ಉಳಿದಿದೆ. ಇಷ್ಟೆಲ್ಲಾ ಇಲ್ಲಿ ಬರೆದಿದ್ದೇವೆ. ಯಾರ ತಿಳಿವಳಿಕೆಯೋ ಅವರಿಗೆ ಇದರಿಂದ ಏನು ಬಂತು?

ಎಲೆಯಡಿಕೆ (ಮಧುಗಿರಿ)

ಸರಿಯಾದ ಪ್ರಶ್ನೆ. ಜೈವಿಕ ವೈವಿಧ್ಯ ಕಾಯ್ದೆ 2002ರ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಕಂಪನಿಗಳು ಸಂಪನ್ಮೂಲ ಬಳಸಿದರೆ ಲಾಭದ ಪಾಲು ಸ್ಥಳೀಯರಿಗೆ ಬರಬೇಕು ಅನ್ನುವುದೂ ಅದರಲ್ಲೇ ಇದೆ. 2023ರ ತಿದ್ದುಪಡಿ ಮಾತ್ರ ಗ್ರಂಥಗಳಲ್ಲಿ ದಾಖಲಾದ ಸಾಂಪ್ರದಾಯಿಕ ಜ್ಞಾನವನ್ನು ಬಳಸುವವರಿಗೆ ಆ ಪಾಲಿನ ಹೊಣೆಯಿಂದ ವಿನಾಯಿತಿ ಕೊಟ್ಟಿದೆ. ಸೋಲಿಗರದ್ದು, ಇರುಳಿಗರದ್ದು ಬಾಯಿಂದ ಬಾಯಿಗೆ ಬಂದ ಜ್ಞಾನ. ಯಾವುದು ಗ್ರಂಥದ್ದು, ಯಾವುದು ಅವರದ್ದು ಅನ್ನುವ ಗೆರೆ ಎಳೆಯುವಾಗ ಅವರ ಮಾತು ನಡೆಯಬೇಕು.

ದಾಖಲಾತಿ ಬರೆಯುವವರಿಗೆ ಎರಡು ಸಲಹೆ. ಸಸ್ಯದ ಹೆಸರು, ಉಪಯೋಗ ಬರೆದು ಕೈತೊಳೆದುಕೊಳ್ಳಬೇಡಿ, ಯಾವ ಕಾಲದಲ್ಲಿ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಅನ್ನುವುದನ್ನೂ ಹೇಳಿದವರ ಮಾತಿನಲ್ಲೇ ಬರೆಯಿರಿ. ಎರಡನೆಯದು, ಬಳ್ಳಿ ಇರುವ ಜಾಗದ ಗುರುತನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಇಲ್ಲಿ ಬರೆಯುವವರೂ ಅಷ್ಟೇ: ಬೆಟ್ಟದ ಯಾವ ಮೂಲೆ, ಯಾವ ಬಂಡೆ ಅಂತ ಫೋಟೊ ಹಾಕಬೇಡಿ. ಫೋಟೊದ ಒಳಗೇ ಜಾಗದ ಗುರುತು ಕೂತಿರುತ್ತದೆ, ಅದನ್ನು ಅಳಿಸಿಯೇ ಕಳಿಸಿ.

ಬಯಲುಸೀಮೆ (ಶಿರಾ)

ಸಸಿಮಡಿಯವರೇ, ನಮ್ಮ ಹೊಲದ ಬದುವಿನಲ್ಲಿ ಗೊಚ್ಚುಮಣ್ಣು ಇದೆ, ಆದರೆ ಮಳೆ ಕಮ್ಮಿ. ಬರೀ ಮಳೆ ನೀರಲ್ಲಿ ಬರುತ್ತಾ?

ಸಸಿಮಡಿ (ತಿಪಟೂರು)

ಬೇರೂರಿದ ಮೇಲೆ ಬರುತ್ತದೆ, ಬಂಡೆ ಮೇಲೇ ಬದುಕುವ ಬಳ್ಳಿ ಅದು. ಮೊದಲ ಬೇಸಿಗೆ ಮಾತ್ರ ಕಾಪಾಡಬೇಕು. ಬುಡದ ಸುತ್ತ ಅಂಗೈಯಗಲದ ಚಪ್ಪಟೆ ಕಲ್ಲು ಜೋಡಿಸಿ, ಕೆಳಗಿನ ತೇವ ಆರುವುದಿಲ್ಲ. ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಒಂದು ಕೊಡ ನೀರು ಸಾಕು. ಕುರಿ ಮೇಯುವ ಬದುವಾದರೆ ಮೊದಲೆರಡು ವರ್ಷ ಜಾಲಿಮುಳ್ಳು ಕವುಚಿ. ಚಿಗುರು ಪದೇಪದೇ ಕಡಿದುಹೋದರೆ ಬೇರು ದಪ್ಪ ಆಗುವುದಿಲ್ಲ, ಮೂರು ವರ್ಷ ಕಾದು ಅಗೆದರೂ ಕಡ್ಡಿಯೇ ಸಿಗುತ್ತದೆ.